ಹಿಂದಿನ ಸಾಲಿನಲ್ಲಿ ಅಣ್ಣ

ಸಿನಿಮಾ ಶುರುವಾಗಿ ಸ್ವಲ್ಪ ಹೊತ್ತಾಗಿತ್ತು. ಮೊಬೈಲಿನ ಬೆಳಕು ಬಿಟ್ಟುಕೊಂಡು ನಾಲ್ಕೈದು ಗಂಡಸರು ಮೆಟ್ಟಿಲು ಹತ್ತಿ ಬಂದು ನಮ್ಮ ಹಿಂದಿನ ಸಾಲಿನಲ್ಲಿ ಕೂತರು. ಕೂತವರಲ್ಲಿ ಒಬ್ಬ ಕೆಮ್ಮಿದ. ಆ ಕೆಮ್ಮು ನನಗೆ ಗೊತ್ತಿತ್ತು. ಗುಲಾಬಿ ತೋಟಕ್ಕೆ ಔಷಧಿ ಹೊಡೆದ ದಿನ ಸಂಜೆಯೆಲ್ಲ ನಮ್ಮ ಮನೆಯ ಜಗಲಿಯಲ್ಲಿ ಕೇಳುವ ಕೆಮ್ಮು ಅದು. ನಮ್ಮಣ್ಣನದು.

ಪಕ್ಕದಲ್ಲಿ ಕೂತಿದ್ದವನ ಕೈಯಿಂದ ನನ್ನ ಕೈ ಮೆಲ್ಲಗೆ ಬಿಡಿಸಿಕೊಂಡೆ. ಅವನು ತಿರುಗಿದ. ‘ನಮ್ಮಣ್ಣ’ ಎಂದು ತುಟಿ ಅಲ್ಲಾಡಿಸಿದೆ, ಸದ್ದು ಬರಲಿಲ್ಲ. ಪರದೆಯ ಬೆಳಕಿನಲ್ಲಿ ಅವನಿಗೆ ಅರ್ಥವಾಯಿತು. ಇಬ್ಬರೂ ಮುಂದೆ ನೋಡುತ್ತ ಕೂತೆವು. ಆಮೇಲೆ ಪರದೆಯ ಮೇಲೆ ನಡೆದದ್ದರಲ್ಲಿ ಅರ್ಧ ನನಗೆ ನೆನಪಿಲ್ಲ. ಕೇಳುತ್ತಿದ್ದದ್ದು ಬೆನ್ನ ಹಿಂದಿನ ಉಸಿರು ಮಾತ್ರ.

ನಾವಿಬ್ಬರು ಆ ಭಾನುವಾರ ಹೊಸೂರಿನ ಥಿಯೇಟರಿಗೆ ಹೇಗೆ ಬಂದೆವೆಂದು ಮೊದಲು ಹೇಳಬೇಕು.

ನಮ್ಮೂರು ಹೊಸೂರಿನಿಂದ ತಳಿ ಪೇಟೆ ದಾಟಿ ಜವಳಗಿರಿ ಕಡೆಗೆ ಹೋಗುವ ದಾರಿಯಲ್ಲಿ, ಕಾಡಿನ ಒಂದು ತುಂಡು ಕಳೆದ ಮೇಲೆ ಸಿಗುತ್ತದೆ. ಅಜ್ಜನ ಕಾಲದಲ್ಲಿ ರಾಗಿ, ಹುರುಳಿ ಬೆಳೆದ ಹೊಲದಲ್ಲಿ ಅಪ್ಪ ಮತ್ತು ದೊಡ್ಡಪ್ಪ ಸೇರಿ ಪ್ಲಾಸ್ಟಿಕ್ ಹೊದಿಕೆಯ ಪಾಲಿಹೌಸ್ ಕಟ್ಟಿಸಿ ಗುಲಾಬಿ ಹಾಕಿದ್ದರು. ಅದರಿಂದ ಮನೆ ಮೇಲೆದ್ದಿತು. ತೋಟದ ಕೆಲಸಕ್ಕೆ ಅಂಚೆಟ್ಟಿ ಕಡೆಯಿಂದ ಹೆಂಗಸರು ಬರುತ್ತಿದ್ದರು. ಅವರು ಕಾಫಿ ಕುಡಿಯುವ ಲೋಟಗಳು ಹಿತ್ತಿಲ ಕಿಟಕಿಯಲ್ಲಿ ಬೇರೆ ಇದ್ದವು. ದೊಡ್ಡಪ್ಪನ ಮಾತಿಗೆ ಅಪ್ಪ ಎದುರಾಡಿದ್ದನ್ನು ನಾನು ನೋಡಿಲ್ಲ. ಸುತ್ತಿನ ಊರುಗಳಲ್ಲಿ ಜಗಳ ಬಿಡಿಸುವುದಕ್ಕೆ, ಸಂಬಂಧ ಕೂಡಿಸುವುದಕ್ಕೆ ದೊಡ್ಡಪ್ಪನನ್ನೇ ಕರೆಯುತ್ತಿದ್ದರು. ಒಮ್ಮೆ ಪಕ್ಕದ ಊರಿನಲ್ಲಿ ಒಂದು ಹುಡುಗಿ ಹೊಟ್ಟೆನೋವಿನಿಂದ ತೀರಿಕೊಂಡಳು ಎಂದು ಸುದ್ದಿ ಬಂತು. ಬಿಸಿಲೇರುವುದರೊಳಗೆ ಸುಟ್ಟೂ ಬಿಟ್ಟರು. ಅವಳು ಯಾರ ಜೊತೆ ಹೋಗಬೇಕೆಂದಿದ್ದಳು ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಆ ದಿನ ಆ ಮನೆಯ ಜಗಲಿಯಲ್ಲಿ ದೊಡ್ಡಪ್ಪ ಮುಂದೆ ಕೂತಿದ್ದ. ಮನೆಗೆ ಬಂದು ಸ್ನಾನ ಮಾಡಿ ಊಟಕ್ಕೆ ಕೂತು, “ಸಾರಿಗೆ ಉಪ್ಪು ಸಾಲ್ದು” ಎಂದ. ನಾನಾಗ ಕಾಲೇಜಿನಲ್ಲಿದ್ದೆ. ಆ ಮಾತು ನನ್ನ ಮೈಯಲ್ಲಿ ಹಾಗೇ ಉಳಿಯಿತು.

ಬಿ.ಕಾಂ. ಮುಗಿದ ಮೇಲೆ ಹೊಸೂರಿನ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ನನಗೆ ಕೆಲಸ ಸಿಕ್ಕಿತು. ಕೆಲಸಗಾರರಿಗೆ ಕೈಗವಸು, ಕನ್ನಡಕ, ಸೇಫ್ಟಿ ಶೂ ಕೊಡುವುದು. ಕಾರ್ಖಾನೆಯ ಬಸ್ಸು ತಳಿಯವರೆಗೆ ಬರುತ್ತಿತ್ತು. ಅಲ್ಲಿಗೆ ಅಣ್ಣ ಬೈಕಿನಲ್ಲಿ ಬಿಟ್ಟು ಬರುತ್ತಿದ್ದ.

ಒಂದು ದಿನ ಕಾಂಟ್ರಾಕ್ಟ್ ಕೆಲಸದವನೊಬ್ಬ ಕೌಂಟರಿನ ಮುಂದೆ ಕುಂಟುತ್ತ ಬಂದು ನಿಂತ. ಏನು ಬೇಕು ಎಂದು ತಮಿಳಿನಲ್ಲಿ ಕೇಳಿದೆ. ತಲೆ ಅಲ್ಲಾಡಿಸಿದ. ಶೂ ತೋರಿಸಿದ. ಸೇರಿದ ದಿನ ಕೊಟ್ಟ ಶೂ ಚಿಕ್ಕದು, ಭಾಷೆ ಬಾರದೆ ಬದಲಿಸಿ ಎಂದು ಕೇಳಲಾಗದೆ ಅದನ್ನೇ ಹಾಕಿಕೊಂಡು ಪ್ರೆಸ್ ಮಿಷನ್ನಿನ ಮುಂದೆ ನಿಲ್ಲುತ್ತಿದ್ದನಂತೆ. ಹಿಮ್ಮಡಿಯ ಕಡೆ ಕಾಲುಚೀಲ ರಕ್ತಕ್ಕೆ ಅಂಟಿಕೊಂಡಿತ್ತು.

“ಅಯ್ಯೋ, ಕಾಲು ಹಿಂಗಾಗ್ಬುಟ್ಟದೆ, ಸುಮ್ನಿದ್ದೀರಲ್ಲ” ಎಂದು ನನಗರಿವಿಲ್ಲದೆ ಕನ್ನಡದಲ್ಲಿ ಅಂದೆ.

ಅವನು ನನ್ನ ಮುಖವನ್ನೇ ನೋಡಿದ. “ನೀವು ಕನ್ನಡದವ್ರೇನ್ರೀ?”

“ನಾವು ಇಲ್ಲೇ, ತಳಿ ಕಡೆಯೋರು.”

“ಮತ್ತ ಇದು ತಮಿಳುನಾಡು ಅಂದ್ರಲ್ರೀ ಎಲ್ಲಾರೂ.”

ನಾನು ನಕ್ಕೆ. ಅವನು ಕೊಪ್ಪಳದ ಕಡೆಯ ಒಂದು ಹಳ್ಳಿಯವನು. ಐ.ಟಿ.ಐ. ಓದಿ, ಹೊಸೂರಿನ ಅವಲಪಲ್ಲಿಯಲ್ಲಿ ತನ್ನ ಸೀಮೆಯ ಹುಡುಗರ ಜೊತೆ ಒಂದೇ ರೂಮಿನಲ್ಲಿದ್ದ. ನನ್ನ ಕನ್ನಡ ಅವನಿಗೆ ಅರ್ಧ ತೆಲುಗಿನ ಹಾಗೆ ಕೇಳುತ್ತಿತ್ತಂತೆ. ಅವನ ಕನ್ನಡ ನನಗೆ ದೂರದ ರೇಡಿಯೋ ಸ್ಟೇಷನ್ ಹಿಡಿದ ಹಾಗೆ. ನಾನು ಓದಿದ್ದೆಲ್ಲ ತಮಿಳಿನಲ್ಲಿ. ಮನೆಮಾತು ಕನ್ನಡವಾದರೂ ಅಕ್ಷರ ಬರುತ್ತಿರಲಿಲ್ಲ. ಮಧ್ಯಾಹ್ನ ಊಟದ ಬಿಡುವಿನಲ್ಲಿ ರಟ್ಟಿನ ಡಬ್ಬಿಗಳ ಮೇಲೆ ಅವನು ಕನ್ನಡ ಅಕ್ಷರ ಬರೆದು ತೋರಿಸುತ್ತಿದ್ದ. ಈಗ ಇದನ್ನು ಬರೆಯುತ್ತಿರುವುದು ಅವನು ಕಲಿಸಿದ ಅಕ್ಷರಗಳಲ್ಲೇ. ಕಾಗುಣಿತ ಮುಗಿಯುವ ಹೊತ್ತಿಗೆ ನಮ್ಮಿಬ್ಬರಿಗೂ ಬೇರೆ ಏನೋ ಶುರುವಾಗಿದೆಯೆಂದು ತಿಳಿದುಹೋಗಿತ್ತು. ತಿಳಿದ ದಿನದಿಂದ ನನಗೆ ಸಂತೋಷಕ್ಕಿಂತ ಹೆದರಿಕೆಯೇ ಹೆಚ್ಚು. ಬೇರೆ ಜಾತಿ, ಬೇರೆ ಸೀಮೆ, ಸ್ವಂತಕ್ಕೆ ಒಂದು ಮಂಚವೂ ಇಲ್ಲದ ಹುಡುಗ. ನಮ್ಮ ಹಿತ್ತಿಲ ಕಿಟಕಿಯ ಲೋಟಗಳು ಕಣ್ಣ ಮುಂದೆ ಬರುತ್ತಿದ್ದವು.

ಒಂದು ವರ್ಷ ಕಾರ್ಖಾನೆಯ ಗೇಟಿನಾಚೆ ನಾವು ಒಟ್ಟಿಗೆ ಕಾಲಿಟ್ಟಿರಲಿಲ್ಲ. ಆಮೇಲೆ ಈ ಸಿನಿಮಾ ಬಂತು. ಕನ್ನಡದ್ದು, ಹೊಸೂರಿನಲ್ಲಿ ಒಂದೇ ಆಟ, ಮಧ್ಯಾಹ್ನ. ಊರು ಬಿಟ್ಟು ಬಂದ ಗಾರೆ ಕೆಲಸದ ಹುಡುಗ ಮತ್ತು ಅಕ್ಕಿ ಗಿರಣಿಯವರ ಮಗಳ ಕಥೆ ಎಂದು ಅವನ ರೂಮಿನ ಹುಡುಗರು ನೋಡಿ ಬಂದು ಹೇಳಿದ್ದರು. “ನಮ್ಮದ ಐತಂತ್ರಿ ಅದರಾಗ” ಎಂದ. ಸ್ಟಾಕ್ ಎಣಿಸುವ ಕೆಲಸವಿದೆ ಎಂದು ಮನೆಯಲ್ಲಿ ಹೇಳಿ ಬಂದೆ. ಅದಕ್ಕೆ ಜನ ಬರುವುದಿಲ್ಲ, ನಮ್ಮೂರಿನವರಂತೂ ಬರುವುದೇ ಇಲ್ಲ ಎಂದುಕೊಂಡಿದ್ದೆ. ಪಕ್ಕದ ಪರದೆಯಲ್ಲಿ ದೊಡ್ಡ ತಮಿಳು ಸಿನಿಮಾ ಇತ್ತು. ಅದಕ್ಕೆ ಟಿಕೆಟ್ ಸಿಗದವರು ಸುಮ್ಮನೆ ಇದಕ್ಕೆ ನುಗ್ಗಬಹುದು ಎಂದು ನನಗೆ ಹೊಳೆದಿರಲಿಲ್ಲ.

ಮಧ್ಯಂತರ ಬರುವ ಮೊದಲೇ ಅವನು ಎದ್ದು ಹೋಗಬೇಕು ಎಂದು ಬೆರಳಿನಲ್ಲಿ ಸನ್ನೆ ಮಾಡಿದೆ. ಅವನು ಒಪ್ಪಲಿಲ್ಲ. ಮತ್ತೆ ಮಾಡಿದೆ. ಕೊನೆಗೆ ಬಗ್ಗಿಕೊಂಡು ಸಾಲಿನ ಆ ತುದಿಯಿಂದ ಇಳಿದು ಹೋದ. ನಾನು ದುಪಟ್ಟಾ ತಲೆಗೆ ಹೊದ್ದು, ಮುಂದಿನ ಸೀಟಿಗೆ ಹಣೆ ಕೊಟ್ಟು, ತಲೆನೋವಿನವಳ ಹಾಗೆ ಬಗ್ಗಿ ಕೂತೆ. ದೀಪ ಬಂತು. ಹಿಂದಿನವರು ಎದ್ದರು. ಮಾತಾಡುತ್ತ ನನ್ನ ಸಾಲನ್ನು ದಾಟಿ ಕೆಳಗಿಳಿದರು. ತಲೆ ಎತ್ತಿ ನೋಡಿದರೆ ಬಾಗಿಲಿನಲ್ಲೇ ಪಾಪ್‌ಕಾರ್ನ್ ತಿನ್ನುತ್ತ ನಿಂತಿದ್ದಾರೆ. ಹೊರಗೆ ಹೋಗುವ ದಾರಿ ಅದೊಂದೇ. ಮತ್ತೆ ಬಗ್ಗಿದೆ.

ಎರಡನೆಯ ಅರ್ಧದಲ್ಲಿ ಹುಡುಗಿಯ ಕಡೆಯವರು ಗಾರೆ ಹುಡುಗನನ್ನು ಜೀಪಿನಲ್ಲಿ ಕಲ್ಲುಕ್ವಾರಿಗೆ ಕರೆದುಕೊಂಡು ಹೋಗುವ ದೃಶ್ಯ ಬಂತು. ಅವನನ್ನು ಮೊಣಕಾಲ ಮೇಲೆ ಕೂರಿಸಿದರು. ಹಿಂದಿನ ಸಾಲಿನಲ್ಲಿ ಒಬ್ಬ ಶಿಳ್ಳೆ ಹಾಕಿದ.

“ಇಂಥೋರ್ಗೆ ಹಿಂಗೇ ಮಾಡ್ಬೇಕು ಕಣ್ಲಾ. ಕೂಲಿಗೆ ಬಂದೋನು ಕೂಲಿ ಮಾಡ್ಕೊಂಡ್ ಹೋಗ್ಬೇಕು” ಎಂದ ಇನ್ನೊಬ್ಬ.

“ಸುಮ್ಕಿರ್ಲಾ. ಸಿನ್ಮಾ ನೋಡು.” ಇದು ಅಣ್ಣನ ದನಿ. ಅದರಲ್ಲಿ ಕೋಪವಿತ್ತೋ, ಬೇಸರವಿತ್ತೋ, ನನಗೆ ತಿಳಿಯಲಿಲ್ಲ. ಆ ದನಿಯನ್ನು ಹುಟ್ಟಿದಾಗಿನಿಂದ ಕೇಳಿದ್ದೇನೆ, ಆದರೂ ತಿಳಿಯಲಿಲ್ಲ.

ಸಿನಿಮಾ ಮುಗಿಯುವ ಮೊದಲೇ ಎದ್ದು, ಗೋಡೆ ಹಿಡಿದುಕೊಂಡು ಇಳಿದು ಹೊರಗೆ ಬಂದೆ. ಕಣ್ಣಿಗೆ ಬೆಳಕು ಚುಚ್ಚಿತು. ಬಸ್ ಸ್ಟ್ಯಾಂಡಿನ ಕಡೆ ತಿರುಗಿದೆನಷ್ಟೆ.

“ಬೈಕು ಈ ಕಡೆ ನಿಲ್ಸಿದೀನಿ. ಬಾ.”

ಅಣ್ಣ ನನ್ನ ಹಿಂದೆಯೇ ಇದ್ದ. ಒಬ್ಬನೇ. ಯಾರ ಜೊತೆ ಬಂದೆ ಎಂದು ಕೇಳಲಿಲ್ಲ. “ಫ್ರೆಂಡ್ ಜೊತೆ ಬಂದಿದ್ದೆ, ಅವಳು ಮುಂಚೆನೇ ಹೋದ್ಲು” ಎಂದು ನಾನಾಗಿಯೇ ಹೇಳಿದೆ. ಅವನು ಬೈಕು ಸ್ಟಾರ್ಟ್ ಮಾಡಿದ. ಹತ್ತಿ ಕೂತೆ.

ತಳಿಯಲ್ಲಿ ಪರಿಚಯದವರೊಬ್ಬರು ಕೈ ಎತ್ತಿದರು, ಅಣ್ಣ ನಿಲ್ಲಿಸಲಿಲ್ಲ. ಚಳಿಗಾಲದ ದಿನ, ಬೇಗ ಮಬ್ಬಾಗುತ್ತಿತ್ತು. ಕಾಡಿನ ತುಂಡು ಶುರುವಾಯಿತು. ಸ್ವಲ್ಪ ದೂರ ಹೋದ ಮೇಲೆ ಅಣ್ಣ ಬೈಕು ನಿಧಾನ ಮಾಡಿದ. ನಿಲ್ಲಿಸಿದ. ಎಂಜಿನ್ ಆರಿಸಿದ, ಲೈಟೂ ಆರಿಸಿದ.

“ಇಳಿ” ಎಂದ.

ಇಳಿದೆ. ಎರಡು ಕಡೆಯೂ ಪೊದೆ. ಒಂದು ಮನೆಯಿಲ್ಲ, ಒಂದು ಗಾಡಿಯಿಲ್ಲ. ಪಕ್ಕದ ಊರಿನ ಆ ಹುಡುಗಿಯನ್ನು ಎಲ್ಲಿಗೆ ಕರೆದುಕೊಂಡು ಹೋಗಿದ್ದಿರಬಹುದು, ಅವಳ ಅಣ್ಣನೂ ಹೀಗೇ ‘ಇಳಿ’ ಎಂದಿದ್ದನೇ ಎಂದು ಯೋಚನೆ ಬಂತು. ಓಡಬೇಕೆನಿಸಿತು. ಎಲ್ಲಿಗೆ? ಅಣ್ಣ ನನ್ನ ರಟ್ಟೆ ಹಿಡಿದ. ಗಟ್ಟಿಯಾಗಿ ಹಿಡಿದ. ನಾನು ಬಾಯಿ ತೆರೆದೆ. ಅವನು ನನ್ನ ಬಾಯಿಯ ಮೇಲೆ ಕೈಯಿಟ್ಟ.

ಆಗ ಮುಂದೆ ಕೊಂಬೆ ಮುರಿದ ಸದ್ದು ಕೇಳಿತು. ರಸ್ತೆಯ ಅಂಚಿನಲ್ಲಿ ಕತ್ತಲೆಯ ಒಂದು ಭಾಗ ಅಲುಗಿತು. ಆನೆ. ಹಿಂದೆ ಇನ್ನೊಂದು, ಅದರ ಹೊಟ್ಟೆಯ ಕೆಳಗೆ ಮರಿ. ಅವು ನಿಧಾನವಾಗಿ ಟಾರು ರಸ್ತೆ ದಾಟಿದವು. ಅಷ್ಟು ದೊಡ್ಡ ಮೈಗಳು, ಹೆಜ್ಜೆಯ ಸದ್ದೇ ಇಲ್ಲ. ಮೊದಲನೆಯದು ನಡುವೆ ನಿಂತು ನಮ್ಮ ಕಡೆ ಸೊಂಡಿಲು ಎತ್ತಿ ಗಾಳಿ ಹಿಡಿಯಿತು. ಅಣ್ಣ ನನ್ನನ್ನು ತನ್ನ ಬೆನ್ನ ಹಿಂದಕ್ಕೆ ತಳ್ಳಿದ. ಅವನ ಬೆನ್ನು ಬೆವರಿನಿಂದ ಒದ್ದೆಯಾಗಿತ್ತು. ಅವು ಆ ಕಡೆಯ ರಾಗಿ ಹೊಲಕ್ಕೆ ಇಳಿದು ಮರೆಯಾದ ಮೇಲೂ ಬಹಳ ಹೊತ್ತು ಹಾಗೇ ನಿಂತಿದ್ದೆವು.

“ಹತ್ತು” ಎಂದ. ಹತ್ತಿದೆ. ಮನೆ ಬಂತು. ಅಮ್ಮ ಕೇಳಿದ್ದಕ್ಕೆ, “ಬಸ್ ತಪ್ಪೋಗಿತ್ತು, ಕರ್ಕೊಂಡ್ ಬಂದೆ” ಎಂದು ಅವನೇ ಹೇಳಿ ಕೈಕಾಲು ತೊಳೆಯಲು ಹೋದ. ಆನೆಯ ವಿಷಯ ಮಾತ್ರ ಊಟ ಮಾಡುವಾಗ ಅಪ್ಪನಿಗೆ ವಿವರವಾಗಿ ಹೇಳಿದ.

ಮರುದಿನ ಕೊಪ್ಪಳದ ಹುಡುಗ ಕಾರ್ಖಾನೆಗೆ ಬರಲಿಲ್ಲ. ಫೋನು ಸ್ವಿಚ್ ಆಫ್. ಅದರ ಮರುದಿನವೂ ಹಾಗೇ. ಮೂರನೆಯ ದಿನ ನಾನು ಅರ್ಧ ದಿನದ ರಜೆ ಹಾಕಿ ಅವಲಪಲ್ಲಿಗೆ ಹೋದೆ. ಅವನ ರೂಮು ನಾನು ನೋಡಿರಲಿಲ್ಲ. ಅಂಗಡಿಯಲ್ಲಿ ಕೇಳಿ, ಎರಡು ಗಲ್ಲಿ ತಪ್ಪಿ, ಮಹಡಿಯ ಮೇಲಿನ ಶೀಟಿನ ರೂಮು ಹುಡುಕಿದೆ. ರಾತ್ರಿ ಪಾಳಿ ಮುಗಿಸಿ ಮಲಗಿದ್ದ ಹುಡುಗನೊಬ್ಬ ಕಣ್ಣುಜ್ಜುತ್ತ ಬಾಗಿಲು ತೆರೆದ.

“ಅವಾ ಇಲ್ರೀ. ಸೋಮವಾರ ಮುಂಜಾನೆ ಬೈಕಿನ್ಯಾಗ ಒಬ್ರು ಬಂದಿದ್ರು. ನಿಮ್ಮ ಕಡಿ ಕನ್ನಡ ಮಾತಾಡೋರು. ಮಾತಾಡೂದೈತಿ ಅಂತ ಕರ್ಕೊಂಡು ಹ್ವಾದ್ರು.”

“ಆಮೇಲೆ?”

“ಆಮ್ಯಾಲ ಬಂದಿಲ್ರೀ. ಸಾಮಾನ ಎಲ್ಲಾ ಇಲ್ಲೇ ಐತಿ.”

ಗೋಡೆಯ ಪಕ್ಕದಲ್ಲಿ ಅವನ ಚೀಲವಿತ್ತು. ಚೀಲದ ಪಕ್ಕದಲ್ಲಿ ನಾನೇ ಬದಲಿಸಿ ಕೊಟ್ಟ ಶೂ. ನನಗೆ ಸಿನಿಮಾದ ಕಲ್ಲುಕ್ವಾರಿ ಕಣ್ಣಿಗೆ ಕಟ್ಟಿತು. ನಮ್ಮ ಕಡೆ ಕ್ವಾರಿಗಳಿಗೆ ಬರವಿಲ್ಲ. ಕೆಲಸ ನಿಂತ ಮೇಲೆ ನೀರು ತುಂಬಿಕೊಂಡು ನಿಂತವು ಎಷ್ಟೋ ಇವೆ. ನಾನು ಆ ರೂಮಿನ ಹೊಸ್ತಿಲ ಮೇಲೆ ಕೂತುಬಿಟ್ಟೆ. ಆ ಹುಡುಗ ಹೆದರಿ ಒಂದು ಲೋಟ ನೀರು ತಂದುಕೊಟ್ಟ. “ಪೊಲೀಸ್‌ಗೆ ಹೇಳೋಣೇನ್ರೀ?” ಎಂದು ಕೇಳಿದ.

ಪೊಲೀಸರ ಹತ್ತಿರ ಹೋಗಲಿಲ್ಲ. ನೇರ ಊರಿಗೆ ಬಂದೆ. ಅಣ್ಣ ತೋಟದ ಕೋಲ್ಡ್ ರೂಮಿನಲ್ಲಿದ್ದ. ಕೊಯ್ದ ಗುಲಾಬಿಯನ್ನು ಬಕೆಟ್ಟಿನ ನೀರಿನಲ್ಲಿ ನಿಲ್ಲಿಸಿ ಇಡುವ ಕೋಣೆ ಅದು. ನಾನು ಒಳಗೆ ಕಾಲಿಟ್ಟ ಕೂಡಲೇ ಅವನು ದಪ್ಪ ಬಾಗಿಲನ್ನು ಎಳೆದುಕೊಂಡ. ಹೊರಗಿನ ಸದ್ದೆಲ್ಲ ನಿಂತಿತು. ಬಿಸಿಲಿನಿಂದ ಬಂದ ಮೈಗೆ ಆ ಚಳಿ ಚಾಕುವಿನ ಹಾಗಿತ್ತು.

“ಅವನನ್ನ ಏನ್ ಮಾಡ್ದೆ?” ಎಂದೆ.

“ಮೆಲ್ಲಗ್ ಮಾತಾಡು.”

“ಏನ್ ಮಾಡ್ದೆ ಹೇಳು.”

“ಥಿಯೇಟ್ರಲ್ಲಿ ಅವನು ಎದ್ದಾಗ್ಲೇ ನೋಡ್ದೆ, ಕಾರ್ಖಾನೆ ಹುಡುಗ್ರನ್ನ ಕೇಳಿ ರೂಮ್ ಹುಡುಕ್ದೆ. ಬಸ್ ಹತ್ಸಿ ಬಂದೆ. ಅವನೂರ್ಗೆ. ಸುಮ್ಕೆ ನಿಲ್ಬೇಡ ಇಲ್ಲಿ ಅಂದೆ. ಫೋನ್ ನಾನೇ ಇಸ್ಕೊಂಡೆ.” ಜೇಬಿನಿಂದ ಆ ಹುಡುಗನ ಫೋನು ತೆಗೆದು ತೋರಿಸಿದ. “ಫೋನ್ ಇದ್ರೆ ನೀನ್ ಮಾಡ್ತೀಯ, ಅವ್ನ್ ವಾಪಸ್ ಬತ್ತಾನೆ.”

ನಾನು ನಂಬಲಿಲ್ಲ. “ನಿಜವಾಗ್ಲೂ ಬಸ್ಸಾ?” ಎಂದೆ.

“ಅಮ್ಮನ್ ಮೇಲಾಣೆ.” ಅವನು ಮಗುಚಿದ ಬಕೆಟ್ಟಿನ ಮೇಲೆ ಕೂತ. “ಆವತ್ತು ಥಿಯೇಟ್ರಲ್ಲಿ ಶಿಳ್ಳೆ ಹಾಕ್ದೋನು ಯಾರ್ ಗೊತ್ತಾ? ದೊಡ್ಡಪ್ಪನ ಅಳಿಯ. ಅವನಿಗೆ ಅನುಮಾನ ಬಂದದೆ. ನೀನು ಎದ್ದಾಗ ನೋಡ್ಬುಟ್ಟ. ದೊಡ್ಡಪ್ಪಂಗೆ ಗೊತ್ತಾದ್ರೆ ಆ ಕೆಲ್ಸ ಮಾಡಕ್ಕೆ ಯಾರ್ನ ಕರೀತಾರೆ ಹೇಳು? ನನ್ನನ್ನೇ ತಾನೆ.”

ಅವನ ಕೈ ನೋಡಿದೆ. ಹೂವಿನ ಮುಳ್ಳಿಗೆ ಗೀರಿದ ಬೆರಳುಗಳಿಂದ ಒಂದು ಎಲೆಯನ್ನು ಚೂರು ಚೂರು ಮಾಡುತ್ತಿದ್ದ.

“ನಂಗೆ ಹೆದ್ರಿಕೆ ಆಯ್ತದೆ ಕಣೇ” ಎಂದ ಅಣ್ಣ.

ಅಲ್ಲಿಯವರೆಗೆ ನಾನು ಅವನಿಗೆ ಹೆದರಿದ್ದೆ. ಅವನೂ ಹೆದರುತ್ತಾನೆ ಎಂದು ತಿಳಿದ ಮೇಲೆ ನನ್ನ ಹೆದರಿಕೆ ಕಡಿಮೆಯಾಗಬೇಕಿತ್ತು. ಇನ್ನೂ ಹೆಚ್ಚಾಯಿತು. ಆ ಮನೆಯಲ್ಲಿ ನನ್ನನ್ನು ಉಳಿಸಿಕೊಳ್ಳುವ ಧೈರ್ಯವಿರುವವರು ಯಾರೂ ಇಲ್ಲವೆಂದು ಆಗ ತಿಳಿಯಿತು.

ಆ ವಾರವೇ ದೊಡ್ಡಪ್ಪ ಮನೆಗೆ ಬಂದ. ಜಗಲಿಯಲ್ಲಿ ಕೂತು ಅಡಿಕೆ ಬಾಯಿಗೆ ಹಾಕಿಕೊಂಡ. ಅಪ್ಪ ಎದುರಿಗೆ ನಿಂತಿದ್ದ. ಕೃಷ್ಣಗಿರಿಯಲ್ಲಿ ಮಾವಿನ ಮಂಡಿ ಇರುವ ಒಳ್ಳೆಯ ಮನೆತನ, ಹುಡುಗನೂ ಒಳ್ಳೆಯವನು, ಮುಂದಿನ ತಿಂಗಳೇ ಮಾಡಿ ಮುಗಿಸೋಣ ಎಂದ. ಅಪ್ಪ ‘ಹೂಂ’ ಎಂದ. ನಾನು ಕಾಫಿ ತಂದು ಮುಂದಿಟ್ಟೆ. ದೊಡ್ಡಪ್ಪ ಲೋಟ ಕೈಗೆ ತೆಗೆದುಕೊಂಡು, ನನ್ನ ಮುಖ ನೋಡಿ ನಗುತ್ತ ಕೇಳಿದ:

“ಸಿನ್ಮಾ ಚೆನ್ನಾಗಿತ್ತೇನವ್ವಾ?”

ಪ್ರೀತಿಯಿಂದ ಕೇಳಿದ ಹಾಗೇ ಇತ್ತು. ಅಡುಗೆಮನೆಯಲ್ಲಿ ಅಮ್ಮನ ಕೈಯಿಂದ ಏನೋ ಬಿದ್ದ ಸದ್ದು ಕೇಳಿತು. ಅಪ್ಪ ನೆಲ ನೋಡುತ್ತಿದ್ದ. “ಚೆನ್ನಾಗಿತ್ತು ದೊಡ್ಡಪ್ಪ” ಎಂದೆ. “ಹಂಗಾದ್ರೆ ಸರಿ” ಎಂದು ಕಾಫಿ ಕುಡಿದು ಎದ್ದು ಹೋದ.

ಮರುದಿನ ಬೆಳಿಗ್ಗೆ ಅಣ್ಣ ಎಂದಿನಂತೆ ನನ್ನನ್ನು ಬೈಕಿನಲ್ಲಿ ಕೂರಿಸಿಕೊಂಡು ಹೊರಟ. ತಳಿಯಲ್ಲಿ ಕಾರ್ಖಾನೆ ಬಸ್ಸಿನ ಹತ್ತಿರ ನಿಲ್ಲಿಸಲಿಲ್ಲ. ಹೊಸೂರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿಸಿ, ಆ ಹುಡುಗನ ಫೋನನ್ನು ನನ್ನ ಕೈಗಿಟ್ಟ. ಒಂದು ಚೀಲ ಕೊಟ್ಟ. ಅಮ್ಮ ರಾತ್ರಿಯೇ ನನ್ನ ಬಟ್ಟೆ ತುಂಬಿಟ್ಟಿದ್ದಳು ಎಂದು ಆಮೇಲೆ ತಿಳಿಯಿತು. “ಹೋಗು” ಎಂದ. ಅಷ್ಟೇ. ಅವನು ತಿರುಗಿ ಹೋಗುವಾಗ ಕೆಮ್ಮುತ್ತಿದ್ದ.

ಬೆಂಗಳೂರಿನಲ್ಲಿ ಬಸ್ಸು ಬದಲಿಸಿ ಕೊಪ್ಪಳದ ಕಡೆ ಹೊರಟೆ. ಯಾರಾದರೂ ಗಂಡಸರು ಎದ್ದು ನಿಂತರೆ ಸಾಕು, ನನ್ನನ್ನೇ ಹುಡುಕಿಕೊಂಡು ಬಂದವರೆನಿಸುತ್ತಿತ್ತು. ಚಹಾಕ್ಕೆ ನಿಲ್ಲಿಸಿದ ಕಡೆಯೆಲ್ಲ ಇಳಿಯದೆ ಕೂತಿದ್ದೆ. ಜೊತೆಗೆ ಇನ್ನೊಂದು ಯೋಚನೆ ಕೊರೆಯುತ್ತಿತ್ತು. ಫೋನು ಅಣ್ಣನ ಹತ್ತಿರವಿತ್ತು, ನಿಜ. ಆದರೆ ಊರಿಗೆ ಹೋದವನಿಗೆ ನನ್ನ ನಂಬರು ಬಾಯಿಪಾಠವಿತ್ತು. ಬೇರೆ ಯಾರದಾದರೂ ಫೋನಿನಿಂದ ಮಾಡಬಹುದಿತ್ತು. ಮಾಡಿರಲಿಲ್ಲ.

ಅವನ ಫೋನಿನಲ್ಲಿದ್ದ ಅವನ ಮನೆಯ ನಂಬರಿಗೆ ಮಾಡಿ, ಬರುತ್ತಿದ್ದೇನೆಂದು ದಾರಿಯಲ್ಲೇ ಹೇಳಿದ್ದೆ. ಕಪ್ಪು ಹೊಲಗಳ ನಡುವಿನ ಆ ಊರಿನ ನಿಲ್ದಾಣದಲ್ಲಿ ಅವನು ಬಂದು ನಿಂತಿದ್ದ. ಗಡ್ಡ ಬಂದಿತ್ತು. ನನ್ನನ್ನು ನೋಡಿ ಮುಖ ಅರಳುತ್ತದೆಂದುಕೊಂಡಿದ್ದೆ. ಅವನು ನನ್ನ ಹಿಂದೆ ಮುಂದೆ ನೋಡಿದ, ಬಸ್ಸಿನಿಂದ ಇನ್ನಾರು ಇಳಿದರೆಂದು ನೋಡಿದ.

“ಯಾಕ ಬಂದ್ರೀ?” ಎಂದ.

ಅವನು ನನ್ನ ಕೈಯಿಂದ ಚೀಲ ತೆಗೆದುಕೊಂಡ. ಸ್ವಲ್ಪ ದೂರ ನಡೆದ ಮೇಲೆ ಹೇಳಿದ: “ಬ್ಯಾಡ ಅಂತ ಅಲ್ರೀ. ಭಾಳ ಅಂಜಿಕಿ ಆಗೇತಿ. ನಿಮ್ಮಣ್ಣಾರು ನನ್ನ ಹೊಡೀಲಿಲ್ಲ, ಬೈಲಿಲ್ಲ. ‘ನಿನ್ನ ಕೊಲ್ಲಾಕ ನನಗ ಹೇಳ್ತಾರ, ಅದಕ್ಕ ಮೊದಲು ಹೋಗಿಬಿಡು’ ಅಂತ ಕೈ ಮುಗುದ್ರು. ಹೊಡೆದಿದ್ರ ಇಷ್ಟು ಅಂಜತಿರಲಿಲ್ಲ ನಾನು. ಫೋನ್ ಮಾಡಬೇಕಂತ ದಿನಾ ಅಂದ್ಕೊಂತಿದ್ದೆ. ಕೈ ಬರ್ಲಿಲ್ರೀ.”

ಅವನ ಮನೆ ಒಂದು ಅಂಕಣದ್ದು. ಅವ್ವ ನನ್ನನ್ನು ನೋಡಿ ಸೆರಗು ತಲೆಗೆಳೆದುಕೊಂಡಳು, ತನಗಿಂತ ದೊಡ್ಡವರು ಬಂದ ಹಾಗೆ. ಕಂಬಳಿ ಹಾಸಿ ಕೂರಿಸಿದಳು. ತಾನು ದೂರ, ಒಲೆಯ ಪಕ್ಕದಲ್ಲಿ ಕೂತಳು. ನನಗೆ ರೊಟ್ಟಿ ಬಡಿಸಿ ಅಳುವುದಕ್ಕೆ ಶುರುಮಾಡಿದಳು.

“ಅಂಥಾ ಮನಿ ಮಗಳ್ನ ನಾ ಎಲ್ಲಿ ಇಟಗೊಳ್ಳಲಿ ನಮ್ಮವ್ವಾ? ನಿಮ್ಮ ಮಂದಿ ಬಂದ್ರ ನನ್ನ ಮಗನ್ನ ಉಳಸ್ತಾರೇನು? ನೀ ತಿರುಗಿ ಹೋಗಿಬಿಡವ್ವಾ. ನಿನ್ನ ಕಾಲಿಗೆ ಬೀಳ್ತೀನಿ.”

ತಿರುಗಿ ಹೋದರೆ ನನಗೇನಾಗುತ್ತದೆಂದು ನಾನು ಹೇಳಲಿಲ್ಲ. ಅವಳಿಗೆ ಹೇಳಬೇಕಾಗಿರಲಿಲ್ಲ, ಗೊತ್ತಿತ್ತು. ಒಂದು ಕಡೆ ಅವಳ ಮಗ, ಇನ್ನೊಂದು ಕಡೆ ಕಂಡರಿಯದ ನಾನು. ಅವಳು ಕೇಳಿದ್ದು ತಪ್ಪೆಂದು ನನಗೆ ಇಂದಿಗೂ ಅನಿಸಿಲ್ಲ. ಆ ರಾತ್ರಿ ಅವಳು ನನ್ನ ಪಕ್ಕದಲ್ಲೇ ಮಲಗಿದಳು. ನಾಯಿ ಬೊಗಳಿದಾಗಲೆಲ್ಲ ಇಬ್ಬರೂ ಒಟ್ಟಿಗೆ ಎದ್ದು ಕೂರುತ್ತಿದ್ದೆವು.

ಮೂರನೆಯ ದಿನ ಮಧ್ಯಾಹ್ನ ಊರೊಳಗೆ ಒಂದು ಕಾರು ಬಂತು. ನಂಬರ್ ಪ್ಲೇಟಿನಲ್ಲಿ ‘ಟಿ.ಎನ್. ಎಪ್ಪತ್ತು’ ಎಂದು ಕಂಡದ್ದೇ ನಾನು ಒಳಗೆ ಓಡಿದೆ. ಹೊಸೂರಿನ ಗಾಡಿ. ಅವ್ವ ಮಗನನ್ನು ಹಿತ್ತಿಲಿಗೆ ದೂಡಿದಳು. ಅವನು ಎರಡು ಹೆಜ್ಜೆ ಹೋದವನು ತಿರುಗಿ ಬಂದು ಬಾಗಿಲಿನಲ್ಲಿ ನಿಂತ. ಅವನ ತೊಡೆ ನಡುಗುವುದು ಲುಂಗಿಯ ಮೇಲಿಂದಲೇ ಕಾಣುತ್ತಿತ್ತು. ಆದರೂ ನಿಂತ. ‘ಯಾಕ ಬಂದ್ರೀ’ ಎಂದು ಕೇಳಿದ್ದವನ ಮೇಲೆ ನನಗಿದ್ದ ನೋವು ಆ ಬಾಗಿಲಲ್ಲಿ ಹೋಯಿತು.

ಕಾರಿನಿಂದ ಇಳಿದವನು ಅಣ್ಣ. ಒಬ್ಬನೇ. ಕಟ್ಟೆಯ ಮೇಲೆ ಕೂತು ನೀರು ಕೇಳಿದ. ಅವ್ವ ತಂಬಿಗೆ ಕೊಟ್ಟಳು. ಕೊಟ್ಟು, ಅವನು ಅವಳ ಮನೆಯ ತಂಬಿಗೆಯಲ್ಲಿ ಕುಡಿಯುತ್ತಾನೋ ಇಲ್ಲವೋ ಎಂದು ನೋಡುತ್ತ ನಿಂತಳು. ಅವನು ಪೂರ್ತಿ ಕುಡಿದ. ರೊಟ್ಟಿ ಕೊಟ್ಟರು, ತಿಂದ.

“ಕೃಷ್ಣಗಿರಿಗೆ ಹೋಗಿ ಬತ್ತೀನಿ ಅಂತ ಕಾರ್ ತಕ್ಕೊಂಡ್ ಬಂದೆ” ಎಂದ ನನಗೆ. “ದೊಡ್ಡಪ್ಪ ದಿನಾ ಕೇಳ್ತಾನೆ, ಎಲ್ಲವ್ಳೆ, ಎಲ್ಲವ್ಳೆ ಅಂತ. ಕಾರ್ಖಾನೆಗೆ ಹೋಗಿ ಇವನ ಊರಿನ ಹೆಸರು ತಿಳ್ಕೊಂಡವ್ರೆ. ನೀನು ವಾಪಸ್ ಬರ್ಬೇಡ. ಇಲ್ಲೂ ಇರ್ಬೇಡ. ಇವತ್ತೇ ಹೊರಡಿ. ಎಲ್ಲಿಗೆ ಅಂತ ನಂಗೂ ಹೇಳ್ಬೇಡ. ಕೇಳಿದ್ರೆ ನಾನು ಹೇಳ್ಬುಡ್ತೀನಿ ಕಣಮ್ಮ. ನನ್ನ ನಂಬಬೇಡ.”

ಆ ಸಂಜೆಯೇ ನಾವು ಹೊರಟೆವು. ಎರಡೂ ಊರಿಗೆ ದೂರವಾದ ಇನ್ನೊಂದು ಪಟ್ಟಣದಲ್ಲಿ ರಿಜಿಸ್ಟರ್ ಮದುವೆಯಾಯಿತು. ಅವನಿಗೆ ಒಂದು ವರ್ಕ್‌ಶಾಪಿನಲ್ಲಿ ಕೆಲಸ, ನನಗೆ ಒಂದು ಅಂಗಡಿಯಲ್ಲಿ. ಮೊದಲ ವರ್ಷ ನಾವು ಗಂಡಹೆಂಡಿರ ಹಾಗೆ ಬಾಳಲಿಲ್ಲ. ಅಡಗಿಕೊಂಡ ಇಬ್ಬರ ಹಾಗೆ ಬಾಳಿದೆವು. ಬೀದಿಯಲ್ಲಿ ಬೈಕು ನಿಂತರೆ ದೀಪ ಆರಿಸುತ್ತಿದ್ದೆ. ಅವನು ಬರುವುದು ಸ್ವಲ್ಪ ತಡವಾದರೆ ಚಿಲಕ ಹಾಕಿಕೊಂಡು ಕಿಟಕಿಯ ಸಂದಿಯಲ್ಲಿ ನೋಡುತ್ತ ನಿಲ್ಲುತ್ತಿದ್ದೆ. ಹೆದರಿಕೆ ಪ್ರೀತಿಯನ್ನು ತಿನ್ನುತ್ತದೆ. “ನಿನ್ನ ಸಲುವಾಗಿ ಅವ್ವನ ಮಾರಿ ನೋಡಿಲ್ಲ ನಾನು” ಎಂದು ಒಮ್ಮೆ ಅವನು ಅಂದ. “ನಾನು ಯಾರ ಮುಖ ನೋಡಿದೀನಿ?” ಎಂದು ನಾನು ಕೇಳಿದೆ. ಎರಡು ದಿನ ಮಾತಿಲ್ಲ. ಮೂರನೆಯ ದಿನ ಬೀದಿಯಲ್ಲಿ ಯಾರೋ ತಮಿಳು ಮಾತಾಡಿದ್ದು ಕೇಳಿಸಿತು, ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡೆವು. ಹಾಗೆ ಜಗಳ ಮುಗಿಯುತ್ತಿತ್ತು.

ಯಾರೂ ಬರಲಿಲ್ಲ. ವರ್ಷಗಳು ಹೋದವು, ಮಗಳು ಹುಟ್ಟಿದಳು. ನಮ್ಮ ಹೊಸ ನಂಬರು ಹೇಗೋ ಅಣ್ಣನಿಗೆ ಸಿಕ್ಕಿತ್ತು. ಅವನ ಫೋನಿನಿಂದ ಅಮ್ಮ ಅಪರೂಪಕ್ಕೆ ಮಾತಾಡುತ್ತಿದ್ದಳು, ಪಾಲಿಹೌಸಿನ ಒಳಗಿನಿಂದ, ಉಸಿರಿನಷ್ಟೇ ಸಣ್ಣ ದನಿಯಲ್ಲಿ. ಅರ್ಧ ಮಾತು ಪ್ಲಾಸ್ಟಿಕ್ ಹೊದಿಕೆ ಗಾಳಿಗೆ ಬಡಿಯುವ ಸದ್ದಿನಲ್ಲೇ ಹೋಗುತ್ತಿತ್ತು. ‘ಉಂಡ್ಯಾ’, ‘ಮಗು ಹೆಂಗದೆ’, ‘ಇಡ್ತೀನಿ’. ಅಷ್ಟೇ.

ಹೋದ ವರ್ಷ ಅಣ್ಣನ ಮದುವೆಯಾಯಿತು. ‘ಬರಬೇಡ’ ಎಂದು ಅವನೇ ಮೆಸೇಜು ಹಾಕಿದ್ದ. ಮುಹೂರ್ತದ ದಿನ ವಿಡಿಯೋ ಕಾಲ್ ಮಾಡಿ, ಫೋನನ್ನು ಛತ್ರದ ಅಡುಗೆಮನೆಯಲ್ಲಿ ಅಮ್ಮನ ಕೈಗೆ ಕೊಟ್ಟ. ಅಮ್ಮನ ಕೂದಲು ಬೆಳ್ಳಗಾಗಿತ್ತು. ಮಗಳನ್ನು ಎತ್ತಿ ತೋರಿಸಿದೆ. ಅಮ್ಮ ಪರದೆಗೆ ಮುಖ ಹತ್ತಿರ ತಂದು ನೋಡಿದಳು, ಎಷ್ಟು ಹತ್ತಿರವೆಂದರೆ ನಮಗೆ ಅವಳ ಹಣೆಯ ಕುಂಕುಮ ಮಾತ್ರ ಕಾಣುತ್ತಿತ್ತು. ಆಗ ಹಿಂದಿನಿಂದ ಒಂದು ದನಿ: “ಯಾರದು ಫೋನ್ನಲ್ಲಿ?” ದೊಡ್ಡಪ್ಪನ ದನಿ. ಪರದೆ ಕಪ್ಪಾಯಿತು.

ಆ ದಿನವೆಲ್ಲ ಫೋನು ಮುಂದಿಟ್ಟುಕೊಂಡು ಕೂತಿದ್ದೆ. ಅಮ್ಮನಿಗೆ ಏನಾಯಿತೋ, ಅಣ್ಣನಿಗೆ ಏನಾಯಿತೋ. ಮದುವೆ ನಿಂತುಹೋಯಿತೋ. ನನ್ನ ಗಂಡ ಕೆಲಸದಿಂದ ಬಂದು ಪಕ್ಕದಲ್ಲಿ ಕೂತ. ಅನ್ನ ಮಾಡಿರಲಿಲ್ಲ, ಅವನೇ ಮಾಡಿ ಮಗಳಿಗೆ ಉಣಿಸಿದ.

ಮರುದಿನ ಬೆಳಿಗ್ಗೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಎತ್ತುವುದಕ್ಕೆ ಧೈರ್ಯ ಸಾಲದೆ ಅವನ ಕೈಗೆ ಕೊಟ್ಟೆ. ಅವನು ಸ್ಪೀಕರ್ ಹಾಕಿ ನಡುವೆ ಇಟ್ಟ.

“ನಾನು ಕಣವ್ವಾ.”

ಅಮ್ಮನ ದನಿ. ಹಿಂದೆ ಪ್ಲಾಸ್ಟಿಕ್ಕಿನ ಸದ್ದಿರಲಿಲ್ಲ. ಪಾತ್ರೆ, ಜನ, ಯಾರದೋ ನಗು, ಎಲ್ಲ ಕೇಳುತ್ತಿತ್ತು.

“ಅಮ್ಮ, ಮೆಲ್ಲಗೆ ಮಾತಾಡು. ಯಾರೋ ಇದ್ದಾರೆ ಅಲ್ಲಿ” ಎಂದೆ.

“ಎಲ್ರೂ ಅವ್ರೆ. ನಿಮ್ಮಪ್ಪನೂ ಇಲ್ಲೇ ಕೂತವ್ನೆ. ನಿನ್ನೆ ನಿಮ್ ದೊಡ್ಡಪ್ಪ ಕೇಳ್ದ, ಯಾರು ಅಂತ. ನನ್ ಮಗಳು ಅಂದೆ. ಇನ್ನೊಂದ್ ಸಲ ಕೇಳ್ದ. ಇನ್ನೊಂದ್ ಸಲ ಅಂದೆ. ಎದ್ದು ಹೋದ, ಊಟ ಮಾಡ್ಲಿಲ್ಲ. ಹೋಗ್ಲಿ ಬಿಡು.” ಅಮ್ಮ ಯಾರಿಗೋ ಸಾಂಬಾರಿನ ಬಕೆಟ್ಟು ಒಳಗಿಡಲು ಹೇಳಿ ಮತ್ತೆ ಫೋನಿಗೆ ಬಂದಳು. “ಮಗೀನ ಕೊಡು. ಅದರ್ ದನಿ ಕೇಳ್ಬೇಕು.”

ಮಗಳನ್ನು ಎಬ್ಬಿಸಲು ಒಳಗೆ ಹೋದೆ.